ಹಳೆಯ ಅಲ್ಯುಮಿನಿಯಂ ಬೋಟಿನ ನೆಲ: ಒಂದು ಹನಿಯೂ ಕೆಳಗೆ ಇಳಿಯದ ಹಾಗೆ ಸೀಲ್ ಮಾಡುವುದು ಹೇಗೆ?

ಮಂಜು_ಮಿನ್ನೆಸೋಟ · ಏಪ್ರಿಲ್ 3

ಎಲ್ಲರಿಗೂ ನಮಸ್ಕಾರ. ನಾನಿರುವುದು ಮಿನ್ನಿಯಾಪೊಲಿಸ್ ಹತ್ತಿರ. ಹತ್ತು ವರ್ಷ ಕೆರೆ ದಡದಲ್ಲಿ ನಿಂತು ಗಾಳ ಹಾಕಿ ಸಾಕಾಗಿ, ಹೋದ ಅಕ್ಟೋಬರಿನಲ್ಲಿ ಒಬ್ಬ ಅಜ್ಜನ ಹತ್ತಿರ 14 ಅಡಿಯ ಅಲ್ಯುಮಿನಿಯಂ ಬೋಟು ಕೊಂಡೆ. 1980ರ ದಶಕದ್ದು. ತಗಡುಗಳನ್ನು ರಿವೆಟ್ (ಲೋಹದ ಗುಬ್ಬಿ ಮೊಳೆ) ಹೊಡೆದು ಜೋಡಿಸಿದ ಬೋಟು, ಮೂರು ಅಡ್ಡ ಸೀಟು, ಜೊತೆಗೆ ಟ್ರೈಲರ್. ಅಜ್ಜ ಒಳ್ಳೆಯವರು, ಎರಡು ಗಾಳದ ಕೋಲು ಪುಕ್ಕಟೆ ಕೊಟ್ಟರು.

ಚಳಿಗಾಲ ಪೂರ್ತಿ ಗರಾಜಿನಲ್ಲಿತ್ತು. ಮೊನ್ನೆ ನೆಲದ ಕಾರ್ಪೆಟ್ ಕಿತ್ತೆ. ಅದರ ಕೆಳಗಿನ ಪ್ಲೈವುಡ್ ಉಪ್ಪಿಟ್ಟಿನ ಹಾಗೆ ಉದುರಿತು. ಕೈಯಲ್ಲೇ ಬಾಚಿ ಎರಡು ಚೀಲ ತುಂಬಿದೆ. ಅದರ ಕೆಳಗೆ ಹಳದಿ ಫೋಮ್, ಒತ್ತಿದರೆ ನೀರು ಬರುತ್ತದೆ.

ನನ್ನ ಪ್ಲಾನ್ ಹೀಗಿದೆ. ಅರ್ಧ ಇಂಚಿನ ಪ್ರೆಷರ್ ಟ್ರೀಟೆಡ್ (ಕೊಳೆಯದ ಹಾಗೆ ಮದ್ದು ಕುಡಿಸಿದ) ಪ್ಲೈವುಡ್ ತಂದು ಕತ್ತರಿಸಿ ಕೂರಿಸುವುದು. ಸುತ್ತ ಅಂಚಿಗೆಲ್ಲ ಸಿಲಿಕೋನ್ ಹೊಡೆಯುವುದು. ಮೇಲೆ ಹೊಸ ಕಾರ್ಪೆಟ್. ಮೇಲಿಂದ ಬಿದ್ದ ಒಂದು ಹನಿಯೂ ಕೆಳಗೆ ಹೋಗಬಾರದು, ಅಷ್ಟೇ. ಯಾವ ಸಿಲಿಕೋನ್ ಒಳ್ಳೆಯದು? ಮೇ ಮಧ್ಯದಲ್ಲಿ ಇಲ್ಲಿ ವಾಲೈ ಮೀನಿನ ಸೀಸನ್ ಶುರು. ಅಷ್ಟರಲ್ಲಿ ಮುಗಿಸಬೇಕು.

---

ಡಲ್ಲಾಸ್_ದಿನು · ಏಪ್ರಿಲ್ 3

ಅಭಿನಂದನೆ ಮಂಜಣ್ಣ! ನಾನು ನನ್ನ 12 ಅಡಿ ಬೋಟಿಗೆ ಪಿಕಪ್ ಟ್ರಕ್ಕಿನ ಹಿಂದೆ ಬಳಿಯುವ ಬೆಡ್ ಲೈನರ್ ಬಳಿದೆ. ನೆಲವೇ ಇಲ್ಲ, ಸೀದಾ ತಗಡಿನ ಮೇಲೆ. ಎರಡು ವರ್ಷ ಚೆನ್ನಾಗಿತ್ತು. ಈಗ ಅಲ್ಲಲ್ಲಿ ಹಪ್ಪಳದ ಹಾಗೆ ಏಳುತ್ತಿದೆ. ಬಳಿಯುವ ಮೊದಲು ಸರಿಯಾಗಿ ಉಜ್ಜಿರಲಿಲ್ಲ, ತಪ್ಪು ನನ್ನದೇ. ಮತ್ತೆ ಟೆಕ್ಸಾಸ್ ಬಿಸಿಲಿಗೆ ಕಪ್ಪು ಬಣ್ಣ ಹಚ್ಚಿದ ಬುದ್ಧಿವಂತ ನಾನು. ಮಧ್ಯಾಹ್ನ ಕಾಲಿಟ್ಟರೆ ಕಾವಲಿ.

---

ತುಕ್ಕಿನ_ಟೀಚರ್ · ಏಪ್ರಿಲ್ 4

ಮಂಜು ಅವರೇ, ಪ್ಲೈವುಡ್ ಇನ್ನೂ ತಂದಿಲ್ಲ ತಾನೇ? ತಂದಿದ್ದರೆ ವಾಪಸ್ ಕೊಟ್ಟುಬಿಡಿ. ಇದೊಂದು ವಿಷಯದಲ್ಲಿ ಹಟ ಮಾಡಿ ಹೇಳುತ್ತೇನೆ.

ಪ್ರೆಷರ್ ಟ್ರೀಟೆಡ್ ಮರ ಹಸಿರು ಛಾಯೆಯಲ್ಲಿ ಕಾಣುವುದು ಸಾಮಾನ್ಯವಾಗಿ ಅದರಲ್ಲಿರುವ ತಾಮ್ರದಿಂದ. ಮೊದಲು ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಸೇರಿದ ಮದ್ದು ಹಾಕುತ್ತಿದ್ದರು. 2003ರ ಕೊನೆಗೆ ಅಮೆರಿಕದಲ್ಲಿ ಮನೆ ಬಳಕೆಯ ಮರಕ್ಕೆ ಅದನ್ನು ನಿಲ್ಲಿಸಿದರು. ಆಮೇಲೆ ಬಂದ ಮದ್ದುಗಳಲ್ಲಿ ಆರ್ಸೆನಿಕ್ ಹೋಯಿತು, ತಾಮ್ರ ಇನ್ನೂ ಜಾಸ್ತಿ ಆಯಿತು. ತಾಮ್ರ ಮತ್ತು ಅಲ್ಯುಮಿನಿಯಂ ನಡುವೆ ನೀರು ಸೇರಿದರೆ ಅದೊಂದು ಪುಟ್ಟ ಬ್ಯಾಟರಿ. ಆ ಬ್ಯಾಟರಿಯಲ್ಲಿ ಸವೆಯುವುದು ಯಾವಾಗಲೂ ಅಲ್ಯುಮಿನಿಯಂ. ನಿಮ್ಮ ಬೋಟಿನ ತಗಡು ಹೆಚ್ಚೆಂದರೆ ಒಂದೂವರೆ ಮಿಲಿಮೀಟರ್ ಇರಬಹುದು. ಒಂದೆರಡು ಸೀಸನ್ನಿನಲ್ಲೇ ಗುಳಿ ಬಿದ್ದು ತೂತಾದ ಬೋಟುಗಳಿವೆ.

ಹಾಗೆಯೇ ಬೋಟಿನ ತಳದಲ್ಲಿ ಹಳೆಯ ಪೆನ್ನಿ ನಾಣ್ಯ, ತಾಮ್ರದ ತಂತಿಯ ತುಂಡು, ಗಾಳದ ಸೀಸದ ಗುಂಡು ಬಿದ್ದಿದ್ದರೆ ಹೆಕ್ಕಿ ತೆಗೆಯಿರಿ. ಕೂತ ಜಾಗದಲ್ಲೇ ಕೊರೆಯುತ್ತವೆ.

ಒಂದು ಕೇಳುತ್ತೇನೆ. ಫೋಮ್ ತೆಗೆದ ಕಡೆ ತಗಡಿನ ಮೇಲೆ ಬಿಳಿ ಹಿಟ್ಟಿನ ಹಾಗೆ ಏನಾದರೂ ಇದೆಯಾ?

---

ಮಂಜು_ಮಿನ್ನೆಸೋಟ · ಏಪ್ರಿಲ್ 4

ಮೇಡಂ, ತಂದಿದ್ದೆ. ಇವತ್ತು ಸಂಜೆ ವಾಪಸ್ ಕೊಟ್ಟು ಬಂದೆ. ಅಂಗಡಿಯ ಹುಡುಗ ಮುಖ ನೋಡಿ ನಕ್ಕ.

ಬಿಳಿ ಹಿಟ್ಟು ಇದೆ. ನಡುವಿನ ಸೀಟಿನ ಕೆಳಗೆ ಜಾಸ್ತಿ. ಕೆರೆದರೆ ಕೆಳಗೆ ಸಾಸಿವೆ ಗಾತ್ರದ ಗುಳಿಗಳು. ಹೆದರಿಕೆ ಆಗುತ್ತಿದೆ.

---

ತುಕ್ಕಿನ_ಟೀಚರ್ · ಏಪ್ರಿಲ್ 5

ಹೆದರಬೇಡಿ, ಆದರೆ ನೋಡಬೇಕು. ಅಲ್ಯುಮಿನಿಯಂ ತನ್ನ ಮೈಮೇಲೆ ತಾನೇ ತೆಳುವಾದ ಆಕ್ಸೈಡ್ ಪೊರೆ ಬೆಳೆಸಿಕೊಳ್ಳುತ್ತದೆ. ಗೀರಿದರೂ ಗಾಳಿ ತಾಗಿದ ಕೂಡಲೇ ಮತ್ತೆ ಬೆಳೆಯುತ್ತದೆ. ಒದ್ದೆ ಫೋಮ್, ಒದ್ದೆ ಕಾರ್ಪೆಟ್ ಒತ್ತಿಕೊಂಡು ಕೂತರೆ ಅಲ್ಲಿಗೆ ಗಾಳಿ ಸಿಗುವುದಿಲ್ಲ. ಪೊರೆ ಗಾಯ ವಾಸಿ ಮಾಡಿಕೊಳ್ಳಲು ಆಗದೆ ಗುಳಿ ಬೀಳುತ್ತದೆ. ಗಾಯಕ್ಕೆ ಒದ್ದೆ ಬಟ್ಟೆ ಕಟ್ಟಿಟ್ಟ ಹಾಗೆ.

ರಾತ್ರಿ ಗರಾಜಿನ ದೀಪ ಆರಿಸಿ, ಒಬ್ಬರು ಬೋಟಿನ ಕೆಳಗೆ ಮಲಗಿ ಟಾರ್ಚ್ ಹಿಡಿಯಿರಿ. ಇನ್ನೊಬ್ಬರು ಒಳಗಿನಿಂದ ನೋಡಲಿ. ತೂತಾಗಿದ್ದರೆ ನಕ್ಷತ್ರದ ಹಾಗೆ ಕಾಣುತ್ತದೆ.

---

ಸುಮ್ನೆ_ಓದುಗ · ಏಪ್ರಿಲ್ 5

ಮಲಗುವವರು ಯಾರು ಅಂತ ಮನೆಯಲ್ಲಿ ಮೊದಲೇ ತೀರ್ಮಾನ ಮಾಡಿಕೊಳ್ಳಿ.

---

ಗಂಗೊಳ್ಳಿ_ಗಾಳ · ಏಪ್ರಿಲ್ 5

ಮಂಜಣ್ಣ, ನಾನು ಕುಂದಾಪುರ ಕಡೆಯವನು. ಫೈಬರ್ ದೋಣಿ ಮಾಡುವ ಶೆಡ್ಡಿನಲ್ಲಿ ಒಂಬತ್ತು ವರ್ಷ ಕೆಲಸ ಮಾಡಿದ್ದೇನೆ. ನಿಮ್ಮ ಅಲ್ಯುಮಿನಿಯಂ ಬೋಟು ಮುಟ್ಟಿ ನೋಡಿದವನಲ್ಲ. ಆದರೂ ನಿಮ್ಮ ಪ್ರಶ್ನೆಯೇ ತಿರುವುಮುರುವು ಅಂತ ನನಗೆ ಕಾಣುತ್ತದೆ ಮಾರಾಯ್ರೆ.

ನೆಲ ನೀರು ತಡೆಯುವುದಲ್ಲ. ನೀರು ತಡೆಯುವುದು ದೋಣಿಯ ಮೈ. ನೆಲ ಇರುವುದು ಕಾಲಿಡಲಿಕ್ಕೆ, ಅಷ್ಟೇ. ನಮ್ಮ ಅಜ್ಜನ ಮರದ ದೋಣಿಯಲ್ಲಿ ಅಡಿ ಹಲಗೆಗೆ ಮೊಳೆಯೇ ಇರಲಿಲ್ಲ. ಸುಮ್ನೆ ಇಟ್ಟದ್ದು. ಅಲೆ ಹೊಡೆದು ನೀರು ಒಳಗೆ ಬಂದರೆ ಹಲಗೆ ಎತ್ತುವುದು, ತಗಡಿನ ಡಬ್ಬದಲ್ಲಿ ಮೊಗೆದು ಹೊರಗೆ ಚೆಲ್ಲುವುದು, ಮತ್ತೆ ಹಲಗೆ ಇಡುವುದು. ಮೈಗೆ ಮೀನೆಣ್ಣೆ, ಗೇರು ಎಣ್ಣೆ ಬಳಿಯುತ್ತಿದ್ದರು. ಹಲಗೆಯ ಸಂದಿ ಮುಚ್ಚಿದವರನ್ನು ನಾನು ನೋಡಿಲ್ಲ.

ನೀವು ಮೇಲಿಂದ ಸಿಲಿಕೋನ್ ಹೊಡೆದು ಬಿಗಿ ಮಾಡಿದರೆ ಏನಾಗುತ್ತದೆ? ಕೆಳಗಿನಿಂದ ರಿವೆಟ್ ಸಂದಿಯಲ್ಲಿ ನೀರು ಬಂದೇ ಬರುತ್ತದೆ. ಬಂದ ನೀರಿಗೆ ಹೋಗಲು ದಾರಿ ಇರುವುದಿಲ್ಲ. ಒಣಗಲು ಗಾಳಿಯೂ ಇಲ್ಲ. ನಿಮ್ಮ ಅಜ್ಜನ ಪ್ಲೈವುಡ್ ಉಪ್ಪಿಟ್ಟಾದದ್ದು ಹಾಗೆಯೇ ಇರಬೇಕು.

---

ಮಂಜು_ಮಿನ್ನೆಸೋಟ · ಏಪ್ರಿಲ್ 6

ಇದು ಹೊಳೆದೇ ಇರಲಿಲ್ಲ. ಹಳೆಯ ನೆಲದ ಅಂಚಿನಲ್ಲಿ ಮೂರು ಪದರ ಸೀಲಂಟ್ ಇತ್ತು. ಪ್ರತಿ ಸಲ ಒದ್ದೆಯಾದಾಗ ಇನ್ನೊಂದು ಪದರ ಹೊಡೆದಿರಬೇಕು ಪಾಪ.

ಟಾರ್ಚ್ ಪರೀಕ್ಷೆ ಆಯಿತು. ಮಲಗಿದ್ದು ನಾನೇ. ಎಲ್ಲೂ ಬೆಳಕು ಕಾಣಲಿಲ್ಲ. ಗುಳಿ ಇದೆ, ತೂತು ಇಲ್ಲ. ಹಾಗಾದರೆ ನೀರು ಎಲ್ಲಿಂದ ಬರುತ್ತಿದೆ ಅಂತ ಹುಡುಕುವುದು ಹೇಗೆ?

---

ರಿವೆಟ್_ರಾಯ · ಏಪ್ರಿಲ್ 6

ಇದು ನನ್ನ ಪಾಠ. ಬೆಂಗಳೂರಿನಲ್ಲಿ ಇಪ್ಪತ್ತೆರಡು ವರ್ಷ ವಿಮಾನದ ತಗಡಿಗೆ ರಿವೆಟ್ ಹೊಡೆದವನು ನಾನು. ಈಗ ಮಗಳ ಮನೆ ವಿಸ್ಕಾನ್ಸಿನ್‌ನಲ್ಲಿ. ಅಳಿಯನ ಬೋಟನ್ನು ಹೋದ ವರ್ಷ ರಿಪೇರಿ ಮಾಡಿದೆ.

ಹುಡುಕುವುದು ಸುಲಭ, ನೀರನ್ನು ಉಲ್ಟಾ ಹರಿಸಬೇಕು, ಒಳಗಿನಿಂದ ಹೊರಗೆ. ಬೋಟು ಟ್ರೈಲರ್ ಮೇಲಿರಲಿ. ಅಡಿಭಾಗ ಚೆನ್ನಾಗಿ ಒರೆಸಿ ಒಣಗಿಸಿ. ನೀರು ಬಸಿಯುವ ತೂತಿಗೆ ಡ್ರೈನ್ ಪ್ಲಗ್ (ಬಿರಡೆ) ಹಾಕಿ, ಒಳಗೆ ಪೈಪ್ ಬಿಟ್ಟು ಒಂದೆರಡು ಇಂಚು ನೀರು ನಿಲ್ಲಿಸಿ. ಅದಕ್ಕಿಂತ ಜಾಸ್ತಿ ಬೇಡ. ನಿಮ್ಮ ಬೋಟಿನ ತಳ ಮೂರೂವರೆ ಅಡಿ ಅಗಲ, ಹತ್ತು ಅಡಿ ಉದ್ದ ಅಂತಿಟ್ಟುಕೊಳ್ಳಿ. ಒಂದು ಇಂಚು ನೀರು ಅಂದರೆ ಸುಮಾರು 80 ಲೀಟರ್, 80 ಕಿಲೋ. ನಾಲ್ಕು ಇಂಚು ತುಂಬಿಸಿದರೆ ಟ್ರೈಲರಿನ ರೋಲರ್ ತಗಡನ್ನು ಒತ್ತಿ ಇದ್ದ ರಿವೆಟ್ಟೂ ಸಡಿಲ ಆಗುತ್ತದೆ. ಕೆರೆಯಲ್ಲಿದ್ದಾಗ ಹೊರಗಿನ ನೀರು ಬೋಟನ್ನು ಎಲ್ಲ ಕಡೆ ಸಮನಾಗಿ ಹೊರುತ್ತದೆ, ಟ್ರೈಲರ್ ಮೇಲೆ ಹಾಗಲ್ಲ.

ಅರ್ಧ ಗಂಟೆ ಬಿಟ್ಟು ಕೆಳಗೆ ನುಸುಳಿ ನೋಡಿ. ಹನಿ ಬಂದ ಪ್ರತಿ ರಿವೆಟ್ ಸುತ್ತ ಮಾರ್ಕರಿನಲ್ಲಿ ವೃತ್ತ ಹಾಕಿ. ನೀರು ತಗಡಿನ ಮೇಲೆ ಜಾರಿ ಬೇರೆ ಕಡೆ ಹನಿಯುತ್ತದೆ, ಮೋಸ ಹೋಗಬೇಡಿ. ಒರೆಸಿ, ಮತ್ತೆ ನೋಡಿ, ಮೊದಲು ಎಲ್ಲಿ ಒದ್ದೆ ಆಗುತ್ತದೆ ಅದೇ ಜಾಗ.

ಇನ್ನೊಂದು ಮಾತು. ಸೀಟು ಕಿತ್ತು ಜಾಗ ದೊಡ್ಡದು ಮಾಡುವ ಆಸೆ ಇದ್ದರೆ ಬಿಡಿ. ಆ ಅಡ್ಡ ಸೀಟುಗಳೇ ಎರಡು ಪಕ್ಕವನ್ನು ಹಿಡಿದಿಟ್ಟಿರುವುದು.

---

ಮಂಜು_ಮಿನ್ನೆಸೋಟ · ಏಪ್ರಿಲ್ 8

ರಾಯರೇ, ಹನ್ನೊಂದು ವೃತ್ತ. ಅದರಲ್ಲಿ ಏಳು ಒಂದೇ ಸಾಲಿನಲ್ಲಿ, ನಡು ಸೀಟಿನಿಂದ ಸ್ವಲ್ಪ ಮುಂದೆ. ಮೂರು ಅಲ್ಲಲ್ಲಿ. ಒಂದು ಮಾತ್ರ ಹನಿಯಲ್ಲ, ಸಣ್ಣ ಧಾರೆ. ಹಿಂದೆ ಡ್ರೈನ್ ಪ್ಲಗ್ಗಿನ ಸುತ್ತಲಿನ ಬಳೆಯಿಂದ ಬರುತ್ತಿದೆ.

ಫೋಮ್ ಪೂರ್ತಿ ತೆಗೆದೆ. ಸುಮಾರು ಒಂದಡಿ ಉದ್ದ, ಒಂದಡಿ ಅಗಲ, ಒಂದಡಿ ದಪ್ಪದ ಒಂದು ತುಂಡನ್ನು ಬಾತ್‌ರೂಮಿನ ತೂಕದ ಮೇಲೆ ಇಟ್ಟೆ. 31 ಪೌಂಡ್! ಹೆಂಡತಿ ತೂಕದ ಮೇಲಿನ ಕೆಸರು ನೋಡಿದಳು. ಮುಂದಿನದು ಬರೆಯುವುದಿಲ್ಲ.

---

ಡಲ್ಲಾಸ್_ದಿನು · ಏಪ್ರಿಲ್ 8

ಒಣಗಿದ ಫೋಮ್ ಆ ಗಾತ್ರಕ್ಕೆ ಎರಡು ಪೌಂಡ್ ತೂಗುತ್ತದೆ ಅಣ್ಣ. ಒಣ ಇದ್ದರೆ ಅಷ್ಟು ಫೋಮ್ 60 ಪೌಂಡ್ ಭಾರ ತೇಲಿಸುತ್ತದೆ. ನಿಮ್ಮದು ಅದರ ಅರ್ಧ ಶಕ್ತಿಯನ್ನು ನೀರು ಹೊರಲಿಕ್ಕೇ ಖರ್ಚು ಮಾಡುತ್ತಿತ್ತು.

ಆದರೆ ಕಿತ್ತು ಬಿಸಾಕಿ ಸುಮ್ನೆ ಇರಬೇಡಿ, ವಾಪಸ್ ಹಾಕಲೇಬೇಕು. 20 ಅಡಿಗಿಂತ ಚಿಕ್ಕ ಮೋಟಾರ್ ಬೋಟುಗಳನ್ನು ಮಾಡುವಾಗ, ನೀರು ತುಂಬಿದರೂ ತೇಲುವಷ್ಟು ಫೋಮ್ ಇಡಬೇಕು ಅಂತ ಅಮೆರಿಕದ ಕೋಸ್ಟ್ ಗಾರ್ಡ್ ನಿಯಮವೇ ಇದೆ. ಬೋಟು ಮಗುಚಿದ ದಿನ ಹಿಡಿದುಕೊಳ್ಳಲು ಅದೊಂದೇ ಇರುವುದು.

ನಾನು ಗುಲಾಬಿ ಬಣ್ಣದ ಗಟ್ಟಿ ಫೋಮ್ ಹಲಗೆ ಹಾಕಿದೆ, ಮನೆ ಗೋಡೆಗೆ ಹಾಕುತ್ತಾರಲ್ಲ ಅದು. ನೀರು ಹೀರುವುದು ತುಂಬಾ ಕಡಿಮೆ. ಒಂದೇ ತೊಂದರೆ, ಪೆಟ್ರೋಲ್ ಚೆಲ್ಲಿದರೆ ಕರಗುತ್ತದೆ. ಹಾಗಾಗಿ ಟ್ಯಾಂಕ್ ಇಡುವ ಕಡೆ ಹಾಕಬೇಡಿ.

---

ಗಂಗೊಳ್ಳಿ_ಗಾಳ · ಏಪ್ರಿಲ್ 8

ಪೆಟ್ರೋಲ್ ಮಾತ್ರ ಅಲ್ಲ, ನಮ್ಮ ಫೈಬರ್ ದೋಣಿಗೆ ಹಾಕುವ ಪಾಲಿಯೆಸ್ಟರ್ ರೆಸಿನ್ ತಾಗಿದರೂ ಥರ್ಮಾಕೋಲ್ ಜಾತಿಯ ಫೋಮ್ ಬೆಣ್ಣೆ ಹಾಗೆ ಇಳಿದು ಹೋಗುತ್ತದೆ. ಎಪಾಕ್ಸಿ (ರೆಸಿನ್, ಹಾರ್ಡನರ್ ಎರಡನ್ನೂ ಕಲಸಿದರೆ ಗಟ್ಟಿಯಾಗುವ ಅಂಟು) ತಾಗಿದರೆ ಏನೂ ಆಗುವುದಿಲ್ಲ.

ಫೋಮನ್ನು ತಗಡಿಗೆ ಅಂಟಿಸಬೇಡಿ. ಕೆಳಗೆ ನೀರು ಹರಿಯಲು ಒಂದು ಬೆರಳು ಜಾಗ ಬಿಡಿ. ತಳದ ಅಡ್ಡಪಟ್ಟಿಗಳ (ರಿಬ್) ಅಡಿಯಲ್ಲಿ ಚಿಕ್ಕ ಕಿಂಡಿಗಳಿರುತ್ತವೆ ನೋಡಿ, ಮುಂದಿನ ನೀರು ಹಿಂದೆ ಪ್ಲಗ್ ತನಕ ಬರಲು. ಎಲೆ, ಕೂದಲು, ಎರೆಹುಳದ ಮಣ್ಣು ಸೇರಿ ಕಟ್ಟಿಕೊಂಡಿರುತ್ತದೆ. ತಂತಿ ಹಾಕಿ ಚುಚ್ಚಿ ಬಿಡಿಸಿ. ಈ ಕೆಲಸಕ್ಕೆ ದುಡ್ಡು ಬೇಡ, ಅದಕ್ಕೇ ಯಾರೂ ಮಾಡುವುದಿಲ್ಲ.

---

ರಿವೆಟ್_ರಾಯ · ಏಪ್ರಿಲ್ 9

ಈಗ ಹನ್ನೊಂದು ವೃತ್ತದ ವಿಷಯ.

ಸಡಿಲ ಆದ ರಿವೆಟ್ಟನ್ನು ಮತ್ತೆ ಬಿಗಿ ಮಾಡಬಹುದು. ಒಬ್ಬರು ಹೊರಗೆ, ರಿವೆಟ್ ತಲೆಗೆ ಭಾರವಾದ ಕಬ್ಬಿಣದ ತುಂಡು ಗಟ್ಟಿಯಾಗಿ ಒತ್ತಿ ಹಿಡಿಯಬೇಕು. ಸಣ್ಣ ಸುತ್ತಿಗೆ ಇದ್ದರೂ ಸಾಕು, ಮುಖ ನಯವಾಗಿರಬೇಕು. ಇನ್ನೊಬ್ಬರು ಒಳಗಿನಿಂದ ಬಾಲಕ್ಕೆ ಸುತ್ತಿಗೆಯಲ್ಲಿ ಎರಡು ಮೂರು ಏಟು. ಜೋರು ಬೇಡ. ಸದ್ದು ಕೇಳಿ. ಸಡಿಲ ಇದ್ದಾಗ ಟಪ್ ಟಪ್ ಅನ್ನುತ್ತದೆ, ಬಿಗಿಯಾದ ಮೇಲೆ ಟಣ್ ಅನ್ನುತ್ತದೆ. ಆ ಟಣ್ ಬಂದ ಮೇಲೆ ಇನ್ನೊಂದು ಏಟು ಹೊಡೆದರೆ ತಗಡು ಹಿಗ್ಗಿ ಪಕ್ಕದ ರಿವೆಟ್ ಸಡಿಲ ಆಗುತ್ತದೆ. ನಮ್ಮಲ್ಲಿ ಹೊಸ ಹುಡುಗರು ಕೆಡಿಸುತ್ತಿದ್ದದ್ದು ಆ ಕೊನೆಯ ಏಟಿನಲ್ಲೇ.

ಪೂರ್ತಿ ಹಾಳಾಗಿದ್ದರೆ ಕೊರೆದು ತೆಗೆದು ಬೇರೆ ಹಾಕಿ. ಮಾಮೂಲಿ ಪಾಪ್ ರಿವೆಟ್ ಬೇಡ, ಅದರ ನಡುವೆ ತೂತಿರುತ್ತದೆ, ನೀರು ಅಲ್ಲೇ ಬರುತ್ತದೆ. ತುದಿ ಮುಚ್ಚಿದ ಜಾತಿಯ ರಿವೆಟ್ ಅಂತಲೇ ಕೇಳಿ. ಹಾಕುವ ಮೊದಲು ಅದರ ಮೈಗೆ 3ಎಂ 5200 ಅನ್ನುವ ಬೋಟಿನ ಅಂಟು ಸವರಿ.

ಡ್ರೈನ್ ಪ್ಲಗ್ಗಿನ ಬಳೆ ಬಿಚ್ಚಿ, ಹಳೆಯ ಅಂಟು ಕೆರೆದು, ಅದಕ್ಕೂ 5200 ಹಾಕಿ ಕೂರಿಸಿ. ಅದು ಗಾಳಿಯ ತೇವ ಹೀರಿ ಗಟ್ಟಿಯಾಗುವ ಅಂಟು. ಎರಡು ದಿನಕ್ಕೆ ಕೈಗೆ ಅಂಟುವುದು ನಿಲ್ಲುತ್ತದೆ, ಪೂರ್ತಿ ಗಟ್ಟಿಯಾಗಲು ಒಂದು ವಾರ. ಹಾಕಿದ ಮೇಲೆ ಮತ್ತೆ ಬಿಚ್ಚುವ ಆಸೆ ಇಟ್ಟುಕೊಳ್ಳಬೇಡಿ.

ಎಲ್ಲ ಆದ ಮೇಲೆ ಒಳಗಿನಿಂದ ರಿವೆಟ್ ಸಾಲು, ತಗಡಿನ ಜೋಡಣೆ ಎಲ್ಲದಕ್ಕೂ ಗ್ಲುವಿಟ್ ಬಳಿಯಿರಿ. ಎರಡು ಡಬ್ಬದ ಎಪಾಕ್ಸಿ, ಗಟ್ಟಿಯಾದರೂ ಸ್ವಲ್ಪ ಬಾಗುತ್ತದೆ. ರಿವೆಟ್ ಬೋಟಿಗೆ ಅದು ಬೇಕು, ಯಾಕೆಂದರೆ ಅಲೆಗೆ ತಗಡು ಆಡುತ್ತಲೇ ಇರುತ್ತದೆ.

---

ತುಕ್ಕಿನ_ಟೀಚರ್ · ಏಪ್ರಿಲ್ 9

ರಾಯರ ಮಾತಿಗೆ ಒಂದು ಬಾಲ. ಅಲ್ಯುಮಿನಿಯಂಗೆ ಏನು ಅಂಟಿಸುವುದಾದರೂ, ಉಜ್ಜಿದ ಮೇಲೆ ಕಾಯಬೇಡಿ. ನಾಳೆ ಬಳಿಯೋಣ ಅಂದರೆ ಅಷ್ಟರಲ್ಲಿ ಆಕ್ಸೈಡ್ ಮತ್ತೆ ಬೆಳೆದಿರುತ್ತದೆ. ಮೊದಲು ಅಸಿಟೋನ್ ಹಾಕಿ ಜಿಡ್ಡು ತೆಗೆಯಿರಿ, ಆಮೇಲೆ ಸ್ಟೇನ್‌ಲೆಸ್ ಬ್ರಶ್ಶಿನಲ್ಲಿ ಉಜ್ಜಿ, ಆ ಹೊತ್ತಿನಲ್ಲೇ ಬಳಿಯಿರಿ. ಉಜ್ಜಿ ಆಮೇಲೆ ಜಿಡ್ಡು ಒರೆಸಿದರೆ ಜಿಡ್ಡನ್ನು ಗೀರಿನೊಳಗೆ ತುಂಬಿದ ಹಾಗೆ. ಮಾಮೂಲಿ ಉಕ್ಕಿನ ತಂತಿಯ ಬ್ರಶ್ ಬೇಡ, ಚೂರು ಉಳಿದು ತುಕ್ಕು ಹಿಡಿಯುತ್ತದೆ.

ಸಿಲಿಕೋನ್ ಅಂತೂ ಬೋಟಿನ ಹತ್ತಿರ ತರಬೇಡಿ. ಹುಳಿ ವಾಸನೆ ಬರುವ ಜಾತಿ ಅಸಿಟಿಕ್ ಆಮ್ಲ ಬಿಡುತ್ತದೆ, ಅದು ಅಲ್ಯುಮಿನಿಯಂಗೆ ಒಳ್ಳೆಯದಲ್ಲ. ಮತ್ತೆ ಸಿಲಿಕೋನ್ ತಾಗಿದ ಜಾಗಕ್ಕೆ ಆಮೇಲೆ ಬಣ್ಣವಾಗಲಿ ಎಪಾಕ್ಸಿಯಾಗಲಿ ಹಿಡಿಯುವುದೇ ಇಲ್ಲ.

---

ಮಂಜು_ಮಿನ್ನೆಸೋಟ · ಏಪ್ರಿಲ್ 14

ರಿವೆಟ್ ಕೆಲಸ ಮುಗಿಯಿತು. ಹೊರಗೆ ಕಬ್ಬಿಣ ಹಿಡಿದದ್ದು ಹೆಂಡತಿ, ಒಳಗೆ ಸುತ್ತಿಗೆ ನಾನು. ಒಂಬತ್ತು ಬಿಗಿಯಾದವು, ಒಂದನ್ನು ಬದಲಿಸಿದೆ. ರಾಯರು ಹೇಳಿದ ಟಣ್ ಸದ್ದು ನಿಜವಾಗಿಯೂ ಬರುತ್ತದೆ! ಮೊದಲು ಕೇಳಿಸಿದ್ದು ಅವಳಿಗೆ. "ಸಾಕು, ನಿಲ್ಲಿಸು" ಅಂತ ಕೂಗಿದಳು, ನಾನು ಇನ್ನೊಂದು ಹೊಡೆದೆ. ಹೌದು, ಪಕ್ಕದ್ದು ಸಡಿಲ ಆಯಿತು. ಒಟ್ಟು ಹನ್ನೆರಡು ಅಂತ ಓದಿಕೊಳ್ಳಿ.

ಈಗ ನೆಲ. ಯಾವ ಪ್ಲೈವುಡ್? ಮರೀನ್ ಪ್ಲೈ ಬೆಲೆ ಕೇಳಿ ತಲೆ ತಿರುಗಿತು.

---

ಗಂಗೊಳ್ಳಿ_ಗಾಳ · ಏಪ್ರಿಲ್ 14

ನೀವಿರುವ ಕಡೆ ಮರೀನ್ ಪ್ಲೈಗೂ ಹೊರಾಂಗಣದ ಒಳ್ಳೆಯ ಪ್ಲೈಗೂ ಅಂಟು ಒಂದೇ ಜಾತಿ, ನೀರಿಗೆ ಬಿಡದ್ದು. ವ್ಯತ್ಯಾಸ ಒಳಪದರದಲ್ಲಿ. ಮರೀನ್‌ನಲ್ಲಿ ಒಳಗೆ ಪೊಳ್ಳು ಇರಬಾರದು. ಮಾಮೂಲಿಯದರಲ್ಲಿ ಗಂಟು ಬಿದ್ದ ಜಾಗ ಪೊಳ್ಳಿರುತ್ತದೆ, ನೀರು ಅಲ್ಲಿ ಮನೆ ಮಾಡುತ್ತದೆ. ಅಂಚು ನೋಡಿ ಆರಿಸಿ, ಪೊಳ್ಳು ಕಂಡ ಕಡೆ ಎಪಾಕ್ಸಿ ಪುಟ್ಟಿ ತುಂಬಿ. ಕೆರೆಯ ಬೋಟಿಗೆ ಅಷ್ಟು ಸಾಕು.

ಊರಿನಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ: ಇಲ್ಲಿ ಮರೀನ್ ಪ್ಲೈ ಅಂದರೆ ಐಎಸ್ 710 ಮುದ್ರೆಯದ್ದು. 303 ಮುದ್ರೆ ಇದ್ದರೆ ಅದು ಮನೆ ಕಪಾಟಿನ ಮಾಲು. ಆದರೆ 710ಕ್ಕೆ ಹುಳ ಹಿಡಿಯದಂತೆ ಮದ್ದು ಹಾಕಿರುತ್ತಾರೆ. ಅದರಲ್ಲಿ ತಾಮ್ರ ಇದೆಯಾ ಕೇಳಿಯೇ ಅಲ್ಯುಮಿನಿಯಂ ಮೇಲೆ ಇಡಿ.

ಇನ್ನು ಸೀಲ್ ಮಾಡುವುದು. ಪ್ಲೈಯನ್ನು ಕತ್ತರಿಸಿ, ಬೋಟಿನಲ್ಲಿ ಇಟ್ಟು ನೋಡಿ, ಸ್ಕ್ರೂ ತೂತು ಕೊರೆದು, ಎಲ್ಲ ಆದ ಮೇಲೆ ಹೊರಗೆ ತೆಗೆದು ಎಪಾಕ್ಸಿ ಬಳಿಯಬೇಕು. ಮೇಲೆ, ಕೆಳಗೆ, ನಾಲ್ಕು ಅಂಚು. ಅಂಚಿಗೆ ಮೂರು ಕೋಟ್. ಅಂಚು ಕುಡಿಯುವಷ್ಟು ಬೇರೆ ಎಲ್ಲೂ ಕುಡಿಯುವುದಿಲ್ಲ, ಎಮ್ಮೆ ಕಲಗಚ್ಚು ಕುಡಿದ ಹಾಗೆ ಎಳೆಯುತ್ತದೆ. ಬಳಿದು ಹತ್ತು ನಿಮಿಷಕ್ಕೆ ಒಣ ಕಂಡರೆ ಮತ್ತೆ ಬಳಿಯಿರಿ.

ಸ್ಕ್ರೂ ತೂತು ಮರೆಯಬೇಡಿ. ಬೇಕಾದ್ದಕ್ಕಿಂತ ದೊಡ್ಡದಾಗಿ ಕೊರೆದು, ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ಅದರ ನಡುವೆ ಸರಿ ಗಾತ್ರದ ತೂತು ಹಾಕಿ. ಆಗ ಸ್ಕ್ರೂ ಮರಕ್ಕೆ ತಾಗುವುದೇ ಇಲ್ಲ.

ಪಾಲಿಯೆಸ್ಟರ್ ರೆಸಿನ್ ಅಗ್ಗ ಅಂತ ಅದನ್ನು ಪ್ಲೈಗೆ ಬಳಿಯಬೇಡಿ, ನಾಲ್ಕು ದಿನದಲ್ಲಿ ಏಳುತ್ತದೆ. ನಾನು ಅದರಲ್ಲೇ ಅನ್ನ ತಿಂದವನು, ಆದರೂ ಹೇಳುತ್ತೇನೆ.

---

ಡಲ್ಲಾಸ್_ದಿನು · ಏಪ್ರಿಲ್ 15

ಎಪಾಕ್ಸಿ ಬೇಕೇ ಬೇಕಾ? ಇಲ್ಲಿ ಹಳಬರು ಸ್ಪಾರ್ ವಾರ್ನಿಶ್, ಬೇಯಿಸಿದ ಅಗಸೆ ಎಣ್ಣೆ, ತಿನ್ನರ್ ಬೆರೆಸಿ ಪ್ಲೈಗೆ ಕುಡಿಸುತ್ತಾರೆ. ತುಂಬಾ ಅಗ್ಗ. ಐದಾರು ವರ್ಷ ಬಂತು ಅಂತ ಪಕ್ಕದ ಮನೆಯವರು ಹೇಳಿದರು.

---

ಗಂಗೊಳ್ಳಿ_ಗಾಳ · ಏಪ್ರಿಲ್ 15

ಅದೂ ನಮ್ಮ ಮೀನೆಣ್ಣೆಯ ತಮ್ಮನೇ. ಕೆಲಸ ಮಾಡುತ್ತದೆ, ವರ್ಷ ವರ್ಷ ಬಳಿಯುವ ತಾಳ್ಮೆ ಇದ್ದರೆ. ನನ್ನನ್ನು ಕೇಳಿದರೆ ಎಪಾಕ್ಸಿಯೇ.

---

ತುಕ್ಕಿನ_ಟೀಚರ್ · ಏಪ್ರಿಲ್ 15

ದಿನು, ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಒಣಗುವಾಗ ಬಿಸಿಯಾಗಿ ತಾನಾಗಿಯೇ ಹತ್ತಿಕೊಳ್ಳುತ್ತದೆ. ಬಿಡಿಸಿ ಹೊರಗೆ ಒಣಹಾಕಿ, ಇಲ್ಲ ನೀರಿನ ಡಬ್ಬದಲ್ಲಿ ಮುಳುಗಿಸಿ ಮುಚ್ಚಿಡಿ.

---

ಮಂಜು_ಮಿನ್ನೆಸೋಟ · ಏಪ್ರಿಲ್ 20

ನಿನ್ನೆ ಎಪಾಕ್ಸಿ ಮೊದಲ ಕೋಟ್. ಅನಾಹುತದ ವರದಿ.

ರೆಸಿನ್ 5 ಪಾಲು, ಹಾರ್ಡನರ್ 1 ಪಾಲು. ಪಂಪಿನಲ್ಲಿ ಅಳೆದು ಒಂದು ಮೊಸರಿನ ಡಬ್ಬ ತುಂಬಾ ಕಲಸಿದೆ. ಆಗ ಊರಿನಿಂದ ಅಮ್ಮನ ಫೋನ್. ಹತ್ತು ನಿಮಿಷ ಮಾತಾಡಿ ಬಂದು ನೋಡಿದರೆ ಡಬ್ಬ ಹೊಗೆಯಾಡುತ್ತಿದೆ. ಪ್ಲಾಸ್ಟಿಕ್ ಸೊಟ್ಟಗಾಗಿದೆ. ಇಕ್ಕಳದಲ್ಲಿ ಹಿಡಿದು ಹೊರಗೆ ಹಿಮದಲ್ಲಿ ಇಟ್ಟೆ. ಅಮ್ಮನಿಗೆ ಹೇಳಿಲ್ಲ.

ಎರಡನೇ ಡಬ್ಬ ಬಳಿದೆ. ಬೆಳಿಗ್ಗೆ ನೋಡಿದರೆ ಪ್ಲೈ ಮೈತುಂಬಾ ಸಣ್ಣ ಗುಳ್ಳೆ, ಸೆಟ್ ದೋಸೆಯ ಹಾಗೆ. ಮತ್ತೆ ಮೇಲೆ ಮೇಣದ ಹಾಗೆ ಜಾರುವ ಏನೋ ಪೊರೆ. ಗರಾಜಿನಲ್ಲಿ ಗ್ಯಾಸ್ ಹೀಟರ್ ಇಟ್ಟಿದ್ದೆ.

---

ಗಂಗೊಳ್ಳಿ_ಗಾಳ · ಏಪ್ರಿಲ್ 20

ಮೂರೂ ಒಂದೇ ದಿನ ಆಯಿತಲ್ಲ! ಇನ್ನು ನೀವು ಕಲಿಯಲು ಏನೂ ಬಾಕಿ ಇಲ್ಲ.

ಹೊಗೆ: ಕಲಸಿದ ಎಪಾಕ್ಸಿಯನ್ನು ಆಳದ ಡಬ್ಬದಲ್ಲಿ ಬಿಟ್ಟರೆ ತನ್ನ ಬಿಸಿಗೆ ತಾನೇ ಬೇಯುತ್ತದೆ. ಸ್ವಲ್ಪ ಸ್ವಲ್ಪ ಕಲಸಿ, ಕೂಡಲೇ ಅಗಲದ ತಟ್ಟೆಗೆ ಸುರಿಯಿರಿ. ಬೇಗ ಗಟ್ಟಿಯಾಗಲಿ ಅಂತ ಹಾರ್ಡನರ್ ಜಾಸ್ತಿ ಹಾಕುವುದು ಪಾಲಿಯೆಸ್ಟರಿನವರ ಚಾಳಿ, ಎಪಾಕ್ಸಿಗೆ ನಡೆಯುವುದಿಲ್ಲ. ಅಳತೆ ತಪ್ಪಿದರೆ ಅಂಟಂಟಾಗಿಯೇ ಉಳಿಯುತ್ತದೆ.

ಗುಳ್ಳೆ: ತಣ್ಣಗಿದ್ದ ಮರ ನಿಧಾನ ಬಿಸಿಯಾದಾಗ ಒಳಗಿನ ಗಾಳಿ ಹಿಗ್ಗಿ ಹೊರಗೆ ಬರುತ್ತದೆ. ಉಲ್ಟಾ ಮಾಡಿ. ಮೊದಲು ಪ್ಲೈಯನ್ನು ಚೆನ್ನಾಗಿ ಬೆಚ್ಚಗೆ ಮಾಡಿ, ಹೀಟರ್ ತಗ್ಗಿಸಿ, ಮರ ತಣ್ಣಗಾಗುತ್ತಿರುವಾಗ ಬಳಿಯಿರಿ. ಆಗ ಗಾಳಿ ಒಳಕ್ಕೆ ಎಳೆಯುತ್ತದೆ, ಎಪಾಕ್ಸಿಯನ್ನೂ ಜೊತೆಗೆ ಎಳೆದುಕೊಳ್ಳುತ್ತದೆ.

---

ತುಕ್ಕಿನ_ಟೀಚರ್ · ಏಪ್ರಿಲ್ 20

ಆ ಮೇಣದ ಪೊರೆ ಹಾರ್ಡನರ್‌ನಲ್ಲಿರುವ ಅಮೀನ್ ಅನ್ನುವ ರಾಸಾಯನಿಕ ಗಾಳಿಯ ತೇವ, ಇಂಗಾಲದ ಡೈಆಕ್ಸೈಡ್ ಜೊತೆ ಸೇರಿ ಆದದ್ದು. ಹೊಗೆ ಕೊಳವೆ ಇಲ್ಲದ ಗ್ಯಾಸ್ ಹೀಟರ್ ಈ ಎರಡನ್ನೂ ಕೋಣೆಗೆ ಬಿಡುತ್ತದೆ. ಜೊತೆಗೆ ಮುಚ್ಚಿದ ಗರಾಜಿನಲ್ಲಿ ಅದು ಜೀವಕ್ಕೂ ಅಪಾಯ. ಕರೆಂಟ್ ಹೀಟರ್ ಬಳಸಿ.

ಪೊರೆ ಹೋಗಲು ಬರೀ ನೀರು, ಪಾತ್ರೆ ತಿಕ್ಕುವ ಸ್ಕ್ರಬ್ ಸಾಕು. ತೊಳೆದು, ಒರೆಸಿ, ಆಮೇಲೆ ಗುಳ್ಳೆಗಳನ್ನು ಉಪ್ಪು ಕಾಗದದಲ್ಲಿ ಉಜ್ಜಿ. ತೊಳೆಯದೆ ಉಜ್ಜಿದರೆ ಪೊರೆಯನ್ನು ಒಳಗೇ ತಿಕ್ಕಿದ ಹಾಗೆ, ಮುಂದಿನ ಕೋಟ್ ನಿಲ್ಲುವುದಿಲ್ಲ.

---

ಮಂಜು_ಮಿನ್ನೆಸೋಟ · ಏಪ್ರಿಲ್ 27

ಮೂರು ಕೋಟ್ ಆಯಿತು. ಪ್ಲೈ ಈಗ ಬೆಲ್ಲದ ಪಾಕ ಹೊಯ್ದ ಹಾಗೆ ಹೊಳೆಯುತ್ತಿದೆ. ಹಾಗೇ ಬಿಡೋಣ ಅನ್ನಿಸುತ್ತಿದೆ. ಅಥವಾ ಕಾರ್ಪೆಟ್? ಮನೆಯಲ್ಲಿ ಕಾರ್ಪೆಟ್ ಪರ ಒಂದು ಮತ ಗಟ್ಟಿಯಾಗಿದೆ.

---

ರಿವೆಟ್_ರಾಯ · ಏಪ್ರಿಲ್ 27

ಹಾಗೇ ಬಿಡುವ ಹಾಗಿಲ್ಲ, ಬಿಸಿಲಿಗೆ ಎಪಾಕ್ಸಿ ಸುಣ್ಣದ ಹಾಗೆ ಪುಡಿಯಾಗುತ್ತದೆ. ಬಣ್ಣ ಹಚ್ಚಲೇಬೇಕು. ಕಾರ್ಪೆಟ್ ವಿಷಯದಲ್ಲಿ ಅಳಿಯನೂ ನಾನೂ ಇನ್ನೂ ಜಗಳ ಆಡುತ್ತಿದ್ದೇವೆ. ಕಾಲಿಗೆ ಸುಖ, ಸದ್ದು ಕಡಿಮೆ, ಒಪ್ಪುತ್ತೇನೆ. ಆದರೆ ಮಳೆ ಬಂದರೆ ನಾಲ್ಕು ದಿನ ಒದ್ದೆ, ಗಾಳದ ಕೊಕ್ಕೆ ಸಿಕ್ಕಿದರೆ ಬಿಡುವುದಿಲ್ಲ, ಮೀನಿನ ವಾಸನೆ ಹೋಗುವುದಿಲ್ಲ.

ಬಣ್ಣ ಹಸಿ ಇರುವಾಗ ಮೇಲೆ ಕಲ್ಲುಪ್ಪು ಉದುರಿಸಿ. ಒಣಗಿದ ಮೇಲೆ ನೀರು ಹಾಕಿ ತೊಳೆದರೆ ಉಪ್ಪು ಕರಗಿ ಸಣ್ಣ ಸಣ್ಣ ಗುಳಿ ಉಳಿಯುತ್ತದೆ, ಕಾಲು ಜಾರುವುದಿಲ್ಲ. ಮರಳಿನ ಹಾಗೆ ಮೊಣಕಾಲು ತರಚುವುದೂ ಇಲ್ಲ. ಉಪ್ಪು ತೊಳೆಯುವುದನ್ನು ಬೋಟಿನ ಹೊರಗೆ ಮಾಡಿ, ಉಪ್ಪುನೀರು ತಗಡಿಗೆ ತಾಗದಿರಲಿ.

---

ಸುಮ್ನೆ_ಓದುಗ · ಏಪ್ರಿಲ್ 27

ಉಪ್ಪಿಟ್ಟಿನಿಂದ ಶುರುವಾಗಿ ಉಪ್ಪಿಗೆ ಬಂತು. ಒಗ್ಗರಣೆ ಯಾವಾಗ?

---

ಗಂಗೊಳ್ಳಿ_ಗಾಳ · ಏಪ್ರಿಲ್ 28

ಕೂರಿಸುವಾಗ ಎರಡು ಮಾತು ಮಂಜಣ್ಣ. ಸುತ್ತ ಕಾಲು ಇಂಚು ಸಂದಿ ಬಿಡಿ, ಅಲ್ಲಿ ಏನೂ ತುಂಬಬೇಡಿ, ನೀರು ಇಳಿಯಲಿ. ಸ್ಕ್ರೂ ನಾಲ್ಕೋ ಆರೋ ಸಾಕು, ವರ್ಷಕ್ಕೊಮ್ಮೆ ನೆಲ ಎತ್ತಿ ನೋಡುವ ಹಾಗಿರಲಿ.

---

ತುಕ್ಕಿನ_ಟೀಚರ್ · ಏಪ್ರಿಲ್ 28

ಆ ಸ್ಕ್ರೂ ಸ್ಟೇನ್‌ಲೆಸ್ ಇರುತ್ತದೆ, ತಗಡು ಅಲ್ಯುಮಿನಿಯಂ. ಮತ್ತೆ ಅದೇ ಬ್ಯಾಟರಿ ಕಥೆ, ಸಿಹಿನೀರಿನಲ್ಲಿ ನಿಧಾನ ಅಷ್ಟೇ. ಎರಡು ಲೋಹಗಳ ನಡುವೆ ತಡೆಯಾಗಿ ನಿಲ್ಲುವ ಟೆಫ್-ಜೆಲ್ ಅಥವಾ ಡ್ಯೂರಾಲಾಕ್ ಲೇಪ ಸವರಿ ಹಾಕಿ. ಇಲ್ಲದಿದ್ದರೆ ಮೂರು ವರ್ಷದ ಮೇಲೆ ಬಿಚ್ಚಲು ಹೋದಾಗ ಸ್ಕ್ರೂ ತಲೆ ಮಾತ್ರ ಕೈಗೆ ಬರುತ್ತದೆ.

---

ಮಂಜು_ಮಿನ್ನೆಸೋಟ · ಮೇ 18

ಸೀಸನ್ ಶುರುವಾದ ವಾರವೇ ಬೋಟು ನೀರಿಗಿಳಿಯಿತು. ಇಲ್ಲಿ ಕೆರೆಯಿಂದ ಹೊರಡುವಾಗ ಪ್ಲಗ್ ತೆಗೆದು ನೀರೆಲ್ಲ ಬಸಿದೇ ರಸ್ತೆಗೆ ಇಳಿಯಬೇಕು ಅಂತ ಕಾನೂನು. ಒಂದು ಕೆರೆಯ ಜೀಬ್ರಾ ಮಸಲ್ (ಬೇಗ ಹರಡುವ ಒಂದು ಚಿಪ್ಪುಜೀವಿ) ಇನ್ನೊಂದಕ್ಕೆ ಹೋಗಬಾರದು ಅಂತ. ಹಾಗಾಗಿ ಒಳಗೆ ಎಷ್ಟು ನೀರು ಬಂತು ಅಂತ ಅಳೆಯಲು ಸರ್ಕಾರವೇ ಅನುಕೂಲ ಮಾಡಿಕೊಟ್ಟಿದೆ. ಬಕೆಟ್ ಹಿಡಿದೆ.

ಐದು ಗಂಟೆಗೆ ಒಂದೂವರೆ ಲೋಟ. ಅಷ್ಟೇ! ಒಂದು ವಾಲೈ, ಎರಡು ಪರ್ಚ್. ಹೆಂಡತಿ ಹಿಡಿದದ್ದು.

ನೆಲ ಎತ್ತಿ ನೋಡಿದೆ. ಬದಲಿಸಿದ ರಿವೆಟ್ ಪಕ್ಕದ್ದು, ನಾನು ಜಾಸ್ತಿ ಏಟು ಹೊಡೆದೆನಲ್ಲ, ಅದರ ಸುತ್ತ ತೇವ ಇದೆ. ರಾಯರೇ, ಈಗಲೇ ಕೊರೆದು ತೆಗೆಯಲಾ?

---

ರಿವೆಟ್_ರಾಯ · ಮೇ 18

ಬೇಡ. ಮಾರ್ಕರಿನಲ್ಲಿ ವೃತ್ತ ಹಾಕಿ, ಪಕ್ಕದಲ್ಲಿ ತಾರೀಕು ಬರೆದು ನೆಲ ಮುಚ್ಚಿ. ಅಕ್ಟೋಬರಿನಲ್ಲಿ ಎತ್ತಿ ನೋಡೋಣ. ಸುತ್ತಿಗೆಯನ್ನು ಮನೆಯವರ ಕೈಗೆ ಕೊಡಿ.